ನಮಗೂ ಕೊಡಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಟೀ ಅಕ್ಕನ ರೇಡಿಯೊ. ಸೋಂಕು ಬಂದು ಊರಿಗೆ ಊರೇ ಬೀಗ ಹಾಕಿಕೊಂಡ ಮೇಲೆ ಟೀ ಅಕ್ಕನ ಅಂಗಡಿ ಬಾಗಿಲು ಮುಚ್ಚಿತ್ತೇ ಹೊರತು ಅದರೊಳಗಿನ ರೇಡಿಯೊ ಬಾಯಿ ಮುಚ್ಚಿರಲಿಲ್ಲ. ಬೀದಿಯವರೆಲ್ಲ ಅವರವರ ಹೊಸ್ತಿಲ ಮೇಲೆ ನಿಂತು, ಮೂತಿಗೆ ಮಾಸ್ಕು ಏರಿಸಿ, ದೂರದಿಂದಲೇ ಬೆಳಗಿನ ವಾರ್ತೆಗೆ ಕಿವಿಗೊಡುತ್ತಿದ್ದರು.

ಅವತ್ತು ವಾರ್ತೆ ಓದುವಾಕೆಯ ದನಿಯಲ್ಲಿ ಸಂಭ್ರಮವಿತ್ತು. ಕೆಲಸ ಕಳೆದುಕೊಂಡ ಸಾಮಾನ್ಯ ಜನರಿಗೆ ಸರ್ಕಾರ ನೆರವು ಕೊಡುತ್ತದಂತೆ. ಯಾರ್ಯಾರಿಗೆ ಎಂಬುದನ್ನು ಆಕೆ ಒಂದೇ ಉಸಿರಿಗೆ ಹೇಳಿದಳು. ಗಾಡಿ ಓಡಿಸುವವರಿಗೆ, ಕೂದಲು ಕತ್ತರಿಸುವವರಿಗೆ, ಬಟ್ಟೆ ಒಗೆಯುವವರಿಗೆ, ಕಟ್ಟಡ ಕಟ್ಟುವವರಿಗೆ. ದೊಡ್ಡ ಮಾರುಕಟ್ಟೆಯವರಿಗಂತೂ, ಒಬ್ಬರಿಗೊಬ್ಬರು ತಾಗದೆ ದೂರ ದೂರ ನಿಲ್ಲಲಿ ಎಂದು, ನೆರವಿನ ಜೊತೆಗೆ ತಲೆಗೊಂದು ಛತ್ರಿ ಬೇರೆ ಹಂಚಿದ್ದಾರಂತೆ.

"ನಮ್ಮ ಹೆಸರು ಬಂತಾ?" ಎಂದ ಟೈಲರು.

"ಟೈಲರ್ ಅಂತ ಹೇಳ್ಲಿಲ್ಲ. ಟೀ ಅಂಗಡಿ ಅಂತಾನೂ ಹೇಳ್ಲಿಲ್ಲ," ಎಂದಳು ಟೀ ಅಕ್ಕ.

"ಬೋರ್ಡ್ ಬರೆಯೋರು ಅಂತ?" ಎಂದು ಮೆಟ್ಟಿಲ ಕೆಳಗಿನಿಂದ ಸಣ್ಣದೊಂದು ದನಿ ಬಂತು.

ಅದು ಆರ್ಟಿಸ್ಟಿನ ದನಿ. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಹಾಗೆ. ಅವನಿಗೆ ಅಂಗಡಿ ಇರಲಿಲ್ಲ. ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರುವಷ್ಟು ಜಾಗ, ಅಲ್ಲೇ ಅವನ ಬಣ್ಣದ ಡಬ್ಬಿಗಳು, ಅಲ್ಲೇ ಕುಂಚಗಳು. ಆ ಬೀದಿಯ ಅಷ್ಟೂ ಬೋರ್ಡುಗಳು ಅವನ ಕೈಯವೇ. ಅವನಿಗೆ ಮಾತ್ರ ಒಂದು ಬೋರ್ಡಿಲ್ಲ. ಒಳ್ಳೆಯ ಬಿಳಿ ಬಣ್ಣದ ಒಂದು ಡಬ್ಬಿಯನ್ನು, ಎಂದಾದರೂ ತನ್ನದೇ ಅಂಗಡಿ ಆದರೆ ಅದರ ನೆತ್ತಿಯ ಮೇಲೆ ಬರೆಯಲೆಂದು, ಬಟ್ಟೆ ಸುತ್ತಿ ಎತ್ತಿಟ್ಟಿದ್ದ.

"ನಿನ್ನ ಹೆಸರು ಬರೋಕೆ ನಿನ್ನ ಕಸುಬಿಗೆ ಹೆಸರಿರಬೇಕಲ್ಲಯ್ಯಾ," ಎಂದ ಟೈಲರು.

ಎಲ್ಲರೂ ನಕ್ಕರು. ಆರ್ಟಿಸ್ಟೂ ನಕ್ಕ. ಆದರೆ ಅವನಿಗೆ ಮನೆ ನೆನಪಾಗಿತ್ತು. ಹಿಂದಿನ ಸಂಜೆ ಮನೆಯಲ್ಲಿ ಅವನ ಹೆಂಡತಿ ಖಾಲಿ ಅಕ್ಕಿ ಡಬ್ಬವೊಂದನ್ನು ಅವನ ಕಿವಿಯ ಪಕ್ಕ ಅಲ್ಲಾಡಿಸಿ ತೋರಿಸಿದ್ದಳು. ಸದ್ದು ಬಂದಿರಲಿಲ್ಲ. ಆಮೇಲೆ ಮೆತ್ತಗೆ ಹೇಳಿದ್ದಳು: "ನೋಡ್ರೀ, ನಾಳೆ ಸಾಯಂಕಾಲದವರೆಗೂ ಕಾಯ್ತೀನಿ. ಸರ್ಕಾರದಿಂದ ಏನಾದ್ರೂ ಬಂದ್ರೆ ಸರಿ. ಇಲ್ಲ ಅಂದ್ರೆ ನಾಡಿದ್ದಿನಿಂದ ನಮ್ಮಣ್ಣನ ಕೋಳಿ ಫಾರಂಗೆ ಹೋಗ್ಬೇಕು. ಗೂಡು ತೊಳೆಯೋಕೆ ಜನ ಬೇಕಂತೆ."

ಆರ್ಟಿಸ್ಟಿಗೆ ಕೋಳಿಗಳ ಮೇಲೆ ದ್ವೇಷವೇನಿರಲಿಲ್ಲ. ಆದರೆ ಭಾವನ ಮೇಲೆ ಸ್ವಲ್ಪ ಇತ್ತು. ಮದುವೆಯಾದ ದಿನದಿಂದಲೂ ಆ ಭಾವ ಅವನನ್ನು ಕಂಡಾಗಲೆಲ್ಲ "ಗೀಚೋ ಕೆಲಸ ಬಿಟ್ಟು ನನ್ನ ಹತ್ರ ಬಾ" ಎನ್ನುತ್ತಿದ್ದ. ಒಮ್ಮೆ ಕುಂಚ ಕೆಳಗಿಟ್ಟು ಪೊರಕೆ ಹಿಡಿದರೆ ಆ ಕೈ ಮತ್ತೆ ಕುಂಚಕ್ಕೆ ಬರಲಾರದು ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ರೇಡಿಯೊ ಇನ್ನೊಂದು ಸುದ್ದಿ ಹೇಳಿತು. ದೊಡ್ಡ ಸಾಹೇಬರು ಮಧ್ಯಾಹ್ನ ಹೆಲಿಕಾಪ್ಟರಿನಲ್ಲಿ ಕೂತು ಊರಿನ ಸ್ಥಿತಿಗತಿಯನ್ನು ಮೇಲಿನಿಂದಲೇ ನೋಡಲಿದ್ದಾರೆ.

"ಮೇಲಿಂದ ನೋಡಿದ್ರೆ ನಮ್ಮ ಹೊಟ್ಟೆ ಕಾಣತ್ತಾ?" ಎಂದಳು ಟೀ ಅಕ್ಕ.

ಟೈಲರು ನಿಧಾನವಾಗಿ ಆರ್ಟಿಸ್ಟಿನ ಕಡೆ ತಿರುಗಿದ. ಟೀ ಅಕ್ಕನೂ ತಿರುಗಿದಳು. ಎದುರು ಮನೆಯ ಕಿಟಕಿಯಲ್ಲಿ ನಿವೃತ್ತ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು.

"ಹೊಟ್ಟೆ ಕಾಣಲ್ಲ," ಎಂದ ಟೈಲರು. "ಅಕ್ಷರ ಕಾಣತ್ತೆ."

ಏನು ಬರೆಯಬೇಕೆಂಬ ಚರ್ಚೆ ಶುರುವಾಯಿತು. ಮೇಷ್ಟ್ರು ಕಿಟಕಿಯಿಂದಲೇ ಗಂಟಲು ಸರಿಪಡಿಸಿಕೊಂಡು ಹೇಳತೊಡಗಿದರು: "ಬರ್ಕೋಪ್ಪಾ. ಮಾನ್ಯರೇ, ಪ್ರಸ್ತುತ ಸಂದರ್ಭದಲ್ಲಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ..."

"ಮೇಷ್ಟ್ರೇ, ನನ್ನ ಹತ್ರ ಇರೋ ಬಣ್ಣ 'ಮಾನ್ಯರೇ' ಅನ್ನೋದ್ರೊಳಗೆ ಮುಗಿಯತ್ತೆ," ಎಂದ ಆರ್ಟಿಸ್ಟು. "ಅದನ್ನ ಓದಿ ಸಾಹೇಬ್ರು ಕೈ ಬೀಸಿ ಹೋಗ್ತಾರೆ ಅಷ್ಟೇ."

"ಎರಡು ಮಾತು ಸಾಕಪ್ಪಾ," ಎಂದಳು ಟೀ ಅಕ್ಕ. "ಅವರಿಗೆಲ್ಲ ಕೊಟ್ಟಿದಾರಲ್ಲ? ನಮಗೂ ಕೊಡಿ ಅಂತ ಬರಿ. ಏನು ಕೊಡ್ಬೇಕು ಅನ್ನೋದು ಅವರಿಗೇ ಗೊತ್ತಿರತ್ತೆ."

ಅದಕ್ಕಿಂತ ಚೊಕ್ಕ ಮಾತು ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರು ಮಾತ್ರ "'ಗೂ'ಗೆ ದೀರ್ಘ ಮರೀಬೇಡ" ಎಂದು ತಮ್ಮ ಪಾಲಿನ ಸೇವೆ ಸಲ್ಲಿಸಿದರು.

ಆರ್ಟಿಸ್ಟು ಬೀದಿಗೆ ಇಳಿದ. ಇಳಿದವನು ಹಾಗೇ ನಿಂತುಬಿಟ್ಟ. ಈ ಬೀದಿಯನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಖಾಲಿ ಕಂಡವನಲ್ಲ. ಗಾಡಿ, ಕಾಲು, ಚಕ್ರ, ಬುಟ್ಟಿ ಇವುಗಳ ಕೆಳಗೆ ಇಂಥದೊಂದು ರಸ್ತೆ ಮಲಗಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕಪ್ಪಗೆ, ಅಗಲವಾಗಿ, ಆ ತುದಿಯ ನೀರಿನ ಟ್ಯಾಂಕಿನವರೆಗೂ ಒಂದೇ ಸಮನೆ ಹಾಸಿಕೊಂಡಿತ್ತು. ಗೇಣುದ್ದದ ತಗಡಿನ ಮೇಲೆ 'ಇಲ್ಲಿ ಜಿಪ್ ಹಾಕಿಕೊಡಲಾಗುವುದು' ಎಂದು ಬರೆದು ಬದುಕಿದವನ ಮುಂದೆ ಯಾರೋ ಆಕಾಶದಷ್ಟು ದೊಡ್ಡ ಹಲಗೆ ತಂದಿಟ್ಟ ಹಾಗಾಯಿತು. ಅವನಿಗೆ ಕಣ್ಣು ತುಂಬಿಬಂತು.

ದೊಡ್ಡ ಬೋರ್ಡು ಅವನ ಹಣೆಯಲ್ಲಿ ಬರೆದಿರಲಿಲ್ಲ ಎನ್ನುವುದಕ್ಕೆ ಒಂದು ಕಾರಣವಿತ್ತು. ಆರ್ಟಿಸ್ಟಿಗೆ ಎತ್ತರ ಕಂಡರೆ ಆಗದು. ಏಣಿಯ ಮೂರನೇ ಮೆಟ್ಟಿಲಿಗೆ ಅವನ ಮಂಡಿ ಗಡಗಡ ಎನ್ನುತ್ತಿತ್ತು. ಹಾಗಾಗಿ ಮಹಡಿಯ ಮೇಲಿನ ದೊಡ್ಡ ದೊಡ್ಡ ಕೆಲಸಗಳೆಲ್ಲ ಬೇರೆಯವರ ಪಾಲಾಗಿ, ಇವನಿಗೆ ಯಾವಾಗಲೂ ಸೊಂಟದ ಮಟ್ಟದ ಕೆಲಸಗಳೇ ಸಿಕ್ಕಿದ್ದವು. ಈಗ ಜಗತ್ತಿನಲ್ಲೇ ದೊಡ್ಡ ಬೋರ್ಡು ನೆಲದ ಮೇಲೇ ಬಂದು ಮಲಗಿತ್ತು.

ಹಗ್ಗ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕುಂಚ ಸಾಲದೆ ಟೀ ಅಕ್ಕನ ಪೊರಕೆ ತರಿಸಿದ. ಕೆಂಪು ಬಣ್ಣದಲ್ಲಿ 'ನ' ಎದ್ದಿತು, ಹಸಿರಿನಲ್ಲಿ 'ಮ'. ಬರೆಯುತ್ತ ಬರೆಯುತ್ತ ಅವನು ತನ್ನದೇ ಅಕ್ಷರದೊಳಗೆ ನಡೆದು ಹೋದ, ತಿರುವಿನಲ್ಲಿ ತಿರುಗಿದ, ಸುಸ್ತಾದಾಗ 'ಮ'ದ ಹೊಟ್ಟೆಯಲ್ಲಿ ಕೂತು ನೀರು ಕುಡಿದ. 'ಗೂ' ಒಂದು ಸಂಸಾರ ಹೂಡಬಹುದಾದಷ್ಟು ವಿಶಾಲವಾಗಿತ್ತು. ಹೆಂಡತಿ ಊಟಕ್ಕೆ ಕರೆಯಲು ಬಂದವಳು ಬೀದಿಯ ಅಂಚಿನಲ್ಲಿ ನಿಂತು, ಬಯ್ಯಲು ತೆರೆದ ಬಾಯನ್ನು ಹಾಗೇ ತೆರೆದಿಟ್ಟುಕೊಂಡಳು.

"ಇದೆಲ್ಲ ನೀವೇ ಬರೆದಿದ್ದಾ?" ಎಂದಳು ಕೊನೆಗೆ.

"ಹೂಂ ಕಣೇ."

"ಅಯ್ಯೋ ದೇವರೇ," ಎಂದಳು. ಮದುವೆಯಾದ ಮೇಲೆ ಅವಳು ಅವನ ಕೆಲಸದ ಬಗ್ಗೆ ಆಡಿದ ಮೊದಲ ಮೆಚ್ಚಿಗೆಯ ಮಾತು ಅದು. ಅವನಿಗೆ ಊಟವೇ ಬೇಡವೆನಿಸಿತು.

'ಕೊ' ಮುಗಿಯುವಷ್ಟರಲ್ಲಿ ಬಣ್ಣದ ಡಬ್ಬಿಗಳೆಲ್ಲ ಬೋರಲು ಬಿದ್ದಿದ್ದವು. ಉಳಿದದ್ದು ಒಂದೇ ಅಕ್ಷರ. ಆರ್ಟಿಸ್ಟು ಮೆಟ್ಟಿಲ ಕೆಳಗೆ ಹೋಗಿ, ಬಟ್ಟೆ ಸುತ್ತಿದ ಆ ಬಿಳಿ ಬಣ್ಣದ ಡಬ್ಬಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತ. ಆಮೇಲೆ ಮುಚ್ಚಳ ಕಿತ್ತ.

ಅಷ್ಟು ಚೆಂದದ 'ಡಿ'ಯನ್ನು ಅವನು ಜೀವಮಾನದಲ್ಲಿ ಬರೆದಿರಲಿಲ್ಲ. ತಲೆಯ ಮೇಲಿನ ಗುಡಿಸು ದುಂಡಗೆ, ತಟ್ಟೆಯ ಹಾಗೆ ಕೂತಿತ್ತು. ಇನ್ನೊಂದು ಸುತ್ತು ಬಣ್ಣ ಎಳೆದರೆ ಮುಗಿಯಿತು ಎನ್ನುವಾಗ, ಟೇಪು ಹಿಡಿದು ಹಿಂದೆ ಹಿಂದೆಯೇ ಅಕ್ಷರಗಳ ಅಳತೆ ತೆಗೆಯುತ್ತಿದ್ದ ಟೈಲರು, "ಅಲ್ಲಯ್ಯಾ, ಇದರ ಕಾಲರ್ ಒಂಚೂರು ಬಿಗಿಯಾಯ್ತು" ಎಂದು ಬಗ್ಗಿದವನು, ಸೀನಿಬಿಟ್ಟ.

ಆ ದಿನಗಳಲ್ಲಿ ಬಾಂಬು ಬಿದ್ದಿದ್ದರೂ ಜನ ಅಷ್ಟು ಚದುರುತ್ತಿರಲಿಲ್ಲ. ಟೀ ಅಕ್ಕ "ಅಯ್ಯಯ್ಯೋ!" ಎಂದು ಒಂದೇ ನೆಗೆತಕ್ಕೆ ಜಗಲಿ ಹತ್ತಿದಳು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ಮೇಷ್ಟ್ರ ಕಿಟಕಿ ದಢಾರೆಂದು ಮುಚ್ಚಿತು. ತನ್ನ ಸೀನಿಗೆ ತಾನೇ ಹೆದರಿದ ಟೈಲರು ಹಿಂದಕ್ಕೆ ಹಾರಿ ಬಣ್ಣದ ಡಬ್ಬಿಯನ್ನು ಒದ್ದ.

ಬಿಳಿ ಬಣ್ಣ ಗುಡಿಸಿನ ಹೊಟ್ಟೆಯನ್ನು ತುಂಬಿ, ರಸ್ತೆಯ ಇಳಿಜಾರಿನ ಗುಂಟ ಬಲಕ್ಕೆ ಹರಿಯಿತು.

"ಧೂಳಪ್ಪಾ! ಬರೀ ಧೂಳು! ನನಗೇನೂ ಇಲ್ಲ!" ಎಂದು ಟೈಲರು ದೂರದಿಂದ ಆಣೆ ಹಾಕುತ್ತಿದ್ದ. ಆರ್ಟಿಸ್ಟಿಗೆ ಅದು ಕೇಳಿಸಲೇ ಇಲ್ಲ. ಅವನಿಗೆ ಕುಂಚ ಹಿಡಿಯಲು ಕಲಿಸಿದ ಮುದುಕ ಒಂದು ಪಾಠ ತಲೆಗೆ ಹಾಕಿದ್ದ: ಸೋರಿದ ಬಣ್ಣವನ್ನು ಒರೆಸಬಾರದು, ಒರೆಸಿದರೆ ಅದು ಕಲೆ, ಅದನ್ನೇ ತಿದ್ದಿ ಅಕ್ಷರಕ್ಕೆ ಒಡವೆ ಮಾಡಬೇಕು. ಹಾಗೆ ತಿದ್ದುವುದರಲ್ಲಿ ಆರ್ಟಿಸ್ಟಿನ ಕೈ ಎಷ್ಟು ಪಳಗಿತ್ತೆಂದರೆ, ಬೀದಿಯ ಅರ್ಧ ಬೋರ್ಡುಗಳಲ್ಲಿರುವ ಬಳ್ಳಿ, ಎಲೆ, ಸುರುಳಿಗಳೆಲ್ಲ ಮೂಲದಲ್ಲಿ ಹೀಗೆ ಸೋರಿದ ಹನಿಗಳೇ. ಅವನು ಪೊರಕೆ ಎತ್ತಿಕೊಂಡ. ಹರಿದುಹೋಗುತ್ತಿದ್ದ ಬಣ್ಣವನ್ನು ತಡೆದು, ಬಾಗಿಸಿ, ಅಕ್ಷರದ ತಲೆಯ ಮೇಲೆ ಬಲಕ್ಕೆ ಹೊರಳುವ ಸೊಗಸಾದ ಕೊಕ್ಕೆಯೊಂದನ್ನು ಎಳೆದುಬಿಟ್ಟ. ಎಲ್ಲಿ ಚೆಲ್ಲಿತ್ತು ಎಂದು ಹುಡುಕಿದರೂ ಸಿಗದ ಹಾಗೆ.

"ಮೇಲೆ ಹತ್ತಿ ಒಂದ್ಸಲ ನೋಡ್ಬಿಡಪ್ಪಾ," ಎಂದಳು ಟೀ ಅಕ್ಕ ಟ್ಯಾಂಕಿನ ಕಡೆ ಕೈ ತೋರಿಸಿ.

ಆರ್ಟಿಸ್ಟು ಟ್ಯಾಂಕಿಗೆ ಅಂಟಿಕೊಂಡ ಕಬ್ಬಿಣದ ಏಣಿಯನ್ನು ನೋಡಿದ. ಮಂಡಿ ಈಗಲೇ ಗಡಗಡ ಎಂದಿತು. "ನನ್ನ ಅಕ್ಷರ ನಂಗೊತ್ತಿಲ್ವಾ ಅಕ್ಕಾ? ನೀವೇ ನೋಡಿ ಬನ್ನಿ."

ಸೀನಿದ ತಪ್ಪಿಗೆ ಟೈಲರೇ ಮೊದಲು ಹತ್ತಿದ. ಕೆಳಗಿಳಿದಾಗ ಅವನ ಮುಖ ಬೇರೆಯೇ ಆಗಿತ್ತು. "ಏನು ಹೇಳ್ಲಯ್ಯಾ," ಎಂದ. "ನಮ್ಮ ಬೀದೀನೇ ಅಲ್ಲ ಅದು. ನನಗೆ ಕೈ ಮುಗಿಯೋ ಹಾಗಾಯ್ತು."

"ಸರಿಯಾಗಿ ಓದಿದ್ಯಾ?"

"ಓದೋದಾ? ಅದನ್ನ ನೋಡ್ತಾ ಯಾರಿಗೆ ಓದೋಕೆ ನೆನಪಾಗತ್ತೆ!"

ಟೀ ಅಕ್ಕ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಇಳಿದು ಬಂದು ಆರ್ಟಿಸ್ಟಿಗೆ ಒಂದು ಲೋಟ ಟೀ ಮಾಡಿ ಕೊಟ್ಟಳು. ಅಂಗಡಿ ಮುಚ್ಚಿದ ಮೇಲೆ ಆಕೆ ಯಾರಿಗೂ ಟೀ ಮಾಡಿರಲಿಲ್ಲ. ಕೊನೆಗೆ ಮೇಷ್ಟ್ರು, ಅಕ್ಷರದ ವಿಷಯವಾದ್ದರಿಂದ ತಾವು ನೋಡದೆ ಆಗದು ಎಂದು, ಎರಡೆರಡು ಮಾಸ್ಕು ಬಿಗಿದುಕೊಂಡು ಹತ್ತಿದರು. ಮೇಲೆ ಹೋಗುವಷ್ಟರಲ್ಲಿ ಏದುಸಿರೆಲ್ಲ ಮಾಸ್ಕಿನಿಂದ ಮೇಲಕ್ಕೆ ನುಗ್ಗಿ ಕನ್ನಡಕ ಮಬ್ಬಾಗಿ, ಅವರಿಗೆ ಬೀದಿಯೂ ಆಕಾಶವೂ ಒಂದೇ ಆಗಿ ಕಂಡವು. ಅಷ್ಟು ಹತ್ತಿ ಏನೂ ಕಾಣಲಿಲ್ಲ ಎನ್ನುವುದು ಹೇಗೆ? "ವ್ಯಾಕರಣ ಶುದ್ಧವಾಗಿದೆ!" ಎಂದು ಮೇಲಿನಿಂದಲೇ ಘೋಷಿಸಿದರು.

ಹೆಲಿಕಾಪ್ಟರು ಬಂತು. ಮೊದಲು ದೂರದ ಗುಡುಗಿನಂತೆ, ಆಮೇಲೆ ಕಿಟಕಿಗಳನ್ನೆಲ್ಲ ನಡುಗಿಸುತ್ತ ನೇರ ನೆತ್ತಿಯ ಮೇಲೆಯೇ. ಬೀದಿಯವರೆಲ್ಲ ಗೋಡೆಗೆ ಒರಗಿ ನಿಂತು ತಲೆಯೆತ್ತಿದರು. ಅದು ಬೀದಿಯನ್ನು ದಾಟಿ ಹೋಯಿತು. ಎಲ್ಲರ ಮುಖ ಬಾಡಿತು. ಅಷ್ಟರಲ್ಲಿ ಅದು ತಿರುಗಿತು. ತಿರುಗಿ ಬಂದು, ಅಕ್ಷರಗಳ ಮೇಲೆ ನಿಂತೇಬಿಟ್ಟಿತು. ಆರ್ಟಿಸ್ಟು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ತಾನು ಬರೆದದ್ದನ್ನು ಓದಲು ಆಕಾಶವೇ ಒಂದು ಗಳಿಗೆ ನಿಂತಿದೆ! ಪಕ್ಕದಲ್ಲಿದ್ದ ಹೆಂಡತಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಮ್ಮಣ್ಣಂಗೆ ಬರಲ್ಲ ಅಂತ ಹೇಳ್ಬಿಡ್ತೀನಿ ಕಣ್ರೀ," ಎಂದಳು ಆ ಗದ್ದಲದಲ್ಲಿ ಅವನ ಕಿವಿಗೆ ಬಾಯಿಟ್ಟು.

ಸಂಜೆಯ ಬಿಸಿಲು ಇಳಿಯುವ ಮೊದಲೇ ಬೀದಿಯ ಬಾಯಲ್ಲಿ ಸರ್ಕಾರಿ ಲಾರಿಯೊಂದು ಬಂದು ನಿಂತಿತು. ಸರ್ಕಾರದ ಕೆಲಸ ಇಷ್ಟು ಬೇಗ ಆದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಮೇಷ್ಟ್ರಂತೂ ತಮ್ಮ ಪಿಂಚಣಿಗೆ ಓಡಾಡಿದ್ದನ್ನು ನೆನೆದು ಲಾರಿಯ ನಂಬರನ್ನು ಎರಡೆರಡು ಸಲ ಓದಿಕೊಂಡರು. ಲಾರಿಯಿಂದ ಇಳಿದ ಅಧಿಕಾರಿ, ಅಕ್ಷರಗಳನ್ನು ತುಳಿಯದೆ ಅಂಚಿನಲ್ಲೇ ಜಾಗರೂಕತೆಯಿಂದ ನಡೆದು ಬಂದರು.

"ಇದನ್ನ ಬರೆದೋರು ಯಾರು?"

ಎಲ್ಲರೂ ಆರ್ಟಿಸ್ಟನ್ನು ಮುಂದಕ್ಕೆ ನೂಕಿದರು.

"ಸಾಹೇಬ್ರು ದಂಗಾಗಿಬಿಟ್ರು ಕಣ್ರೀ," ಎಂದರು ಅಧಿಕಾರಿ. "ಎಲ್ಲ ಕಡೆ ಜನ ದುಡ್ಡು ಕೊಡಿ, ಅಕ್ಕಿ ಕೊಡಿ, ಸಾಲ ಮನ್ನಾ ಮಾಡಿ ಅಂತ ಜೀವ ತಿಂತಾರೆ. ಇಡೀ ಊರಲ್ಲಿ ಇಷ್ಟು ಸಣ್ಣ ಆಸೆಯನ್ನ ಇಷ್ಟು ದೊಡ್ಡ ಅಕ್ಷರದಲ್ಲಿ ಕೇಳಿದೋರು ನೀವೊಬ್ರೇ ಅಂದ್ರು. ಗೋದಾಮಿನಲ್ಲಿ ಸ್ಟಾಕ್ ರೆಡಿ ಇತ್ತು. ಈಗಲೇ ಕಳಿಸಿ ಅಂತ ಆರ್ಡರ್ ಆಯ್ತು. ಅಂಗಡಿಗೊಂದರಂತೆ ತಗೊಳ್ಳಿ."

ಲಾರಿಯ ಹಿಂಬದಿ ತೆರೆಯಿತು. ಒಳಗೆ, ಮೇಲಿನಿಂದ ಕೆಳಗಿನವರೆಗೂ, ಒತ್ತೊತ್ತಾಗಿ ಜೋಡಿಸಿದ ಕಪ್ಪು ಛತ್ರಿಗಳು.

ಬೀದಿಯವರೆಲ್ಲ ಛತ್ರಿಗಳ ಹಿಂದೆ ಇನ್ನೇನಾದರೂ ಇದೆಯೇ ಎಂದು ಇಣುಕಿ ನೋಡಿದರು.

"ಇದೇನ್ ಸಾರ್ ಇದು?" ಎಂದ ಟೈಲರು.

"ಕೊಡೆ," ಎಂದರು ಅಧಿಕಾರಿ. "ನೀವೇ ಕೇಳಿದ್ದಲ್ವಾ? 'ನಮಗೂ ಕೊಡೆ' ಅಂತ. ಮಾರುಕಟ್ಟೆಯವರಿಗೆ ಕೊಟ್ಟ ಹಾಗೆ ನಿಮಗೂ."

"ಕೊಡಿ ಸಾರ್! ನಾನು ಬರೆದಿದ್ದು ಕೊಡಿ ಅಂತ!" ಎಂದ ಆರ್ಟಿಸ್ಟು.

"ಕೊಡ್ತಾ ಇದೀವಲ್ರೀ."

"ಕೊಡೆ ಅಲ್ಲ ಸಾರ್, ಕೊಡಿ!"

"ಹೌದಪ್ಪಾ, ಕೊಡೆ. ಲೈನಲ್ಲಿ ನಿಂತ್ಕೊಳ್ಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ನಡುವೆ ಬಾಯಿ ಹಾಕಿದರು. "ಹಾಗೆ ನೋಡಿದರೆ ಕೊಡೆ ಅಂದರೆ 'ಕೊಡುವುದಿಲ್ಲ' ಅಂತಲೂ ಅರ್ಥವಿದೆ. ಹಳೆಯ ಪ್ರಯೋಗ. ಅದೂ ಇಲ್ಲಿ ಹೊಂದುತ್ತದೆ."

ಟೀ ಅಕ್ಕನ ಕಣ್ಣು ಕೆಂಪಾಗಿತ್ತು. "ಎರಡೇ ಮಾತು ಹೇಳಿಕೊಟ್ಟೆನಲ್ಲೋ, ಅದರಲ್ಲೂ ಒಂದನ್ನ ಹಾಳು ಮಾಡಿದೆಯಲ್ಲೋ!"

"ಇಲ್ಲ ಅಕ್ಕಾ, ನಾನು ತಪ್ಪು ಬರೆದಿಲ್ಲ. ನಿಮ್ಮಾಣೆ! ನೀವೇ ಮೇಲಿಂದ ನೋಡಿದ್ರಲ್ಲ?"

ನೋಡಿದವರು ಮೂವರೂ ಮುಖ ಮುಖ ನೋಡಿಕೊಂಡರು. ಓದಿದವರು ಒಬ್ಬರೂ ಇರಲಿಲ್ಲ.

ಇಷ್ಟು ವರ್ಷ ಬೋರ್ಡು ಬರೆದು ಒಂದು ಕೊಂಬು ಒಂದು ದೀರ್ಘ ತಪ್ಪದವನಿಗೆ ಈ ಮಾತು ಸಹಿಸಲು ಆಗಲಿಲ್ಲ. ಆರ್ಟಿಸ್ಟು ದಡದಡನೆ ಟ್ಯಾಂಕಿನ ಕಡೆ ನಡೆದ. ಹೆಂಡತಿ "ರೀ, ಬೇಡ್ರೀ!" ಎಂದು ಕೂಗುವಷ್ಟರಲ್ಲಿ ಏಣಿ ಹಿಡಿದಾಗಿತ್ತು. ಕಣ್ಣು ಮುಚ್ಚಿಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕುತ್ತ ಹತ್ತಿದ. ಮಂಡಿಯ ಗಡಗಡಕ್ಕೆ ಏಣಿಯೂ ಗಡಗಡ ಎಂದಿತು. ಟ್ಯಾಂಕಿನ ನೆತ್ತಿ ಕೈಗೆ ಸಿಕ್ಕಮೇಲೆ ಅಲ್ಲಿ ತೆವಳಿಕೊಂಡು ಹೋಗಿ ಕೂತು, ಕಣ್ಣು ಬಿಟ್ಟ.

ಬಿಟ್ಟವನು ಹೆದರುವುದನ್ನೇ ಮರೆತ.

ಕೆಳಗೆ ಸಂಜೆಯ ಹೊಂಬಿಸಿಲಿನಲ್ಲಿ ಬೀದಿಯ ಉದ್ದಕ್ಕೂ ಅವನ ಅಕ್ಷರಗಳು ಮಲಗಿದ್ದವು. ಕೆಂಪು, ಹಸಿರು, ನೀಲಿ, ಹಳದಿ. ಮನೆಗಳು ಅವುಗಳ ಅಕ್ಕಪಕ್ಕ ಬೆಂಕಿಪೊಟ್ಟಣದಂತೆ ಕೂತಿದ್ದವು. ಮನುಷ್ಯರು ಚುಕ್ಕಿಗಳಾಗಿದ್ದರು. ಇದನ್ನು ಬರೆದವನು ತಾನು, ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂರುವ ಮನುಷ್ಯ, ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಟೈಲರು ಹೇಳಿದ್ದು ನಿಜ. ಕೈ ಮುಗಿಯಬೇಕೆನಿಸಿತು. ಮುಗಿದೂ ಮುಗಿದ.

ಆಮೇಲೆ ಓದಿದ.

ಎಲ್ಲ ಅಕ್ಷರಗಳ ಕೊನೆಯಲ್ಲಿ, ಎಲ್ಲಕ್ಕಿಂತ ಬೆಳ್ಳಗೆ, ಎಲ್ಲಕ್ಕಿಂತ ಚೆಂದವಾಗಿ, ತಲೆಯ ಮೇಲಿನ ಗುಡಿಸು ಮಾಯವಾಗಿ ಅದರ ಜಾಗದಲ್ಲಿ ಬಲಕ್ಕೆ ಹೊರಳಿದ ಸೊಗಸಾದ ಕೊಕ್ಕೆ. ಸಂದೇಹಕ್ಕೆ ಎಡೆಯೇ ಇಲ್ಲದ, ಶಾಲೆಯ ಪುಸ್ತಕದಲ್ಲಿ ಅಚ್ಚು ಹಾಕಬಹುದಾದಂಥ 'ಡೆ'. ಹನಿಯನ್ನು ಒರೆಸಿದ್ದರೆ ಸಾಕಿತ್ತು. ಒಡವೆ ತೊಡಿಸಿದ್ದ.

ಅವನಿಗೆ ನಗು ಬಂತು, ಅಳುವೂ ಬಂತು. ಆದರೂ 'ಡೆ'ಯ ಮೇಲಿಂದ ಕಣ್ಣು ತೆಗೆಯಲು ಮನಸ್ಸು ಬರಲಿಲ್ಲ. ಅಂಥ ಕೊಕ್ಕೆ ಬೇಕೆಂದು ಎಳೆದರೆ ಬರುತ್ತಿರಲಿಲ್ಲ.

ಇಳಿಯೋಣವೆಂದು ಏಣಿಯ ಕಡೆ ಬಗ್ಗಿದ. ಆಗ ಕಂಡಿತು, ನೆಲ ಎಷ್ಟು ಕೆಳಗಿದೆ ಎಂದು. ಮಂಡಿ ಮಾತ್ರವಲ್ಲ, ಹಲ್ಲೂ ಗಡಗಡ ಎಂದಿತು. ಟ್ಯಾಂಕನ್ನು ಎರಡೂ ತೋಳಿನಿಂದ ಅಪ್ಪಿಕೊಂಡು ಕೂತುಬಿಟ್ಟ. ಕೆಳಗೆ ಛತ್ರಿ ಹಂಚಿ ಮುಗಿಯುತ್ತ ಬಂದಿತ್ತು. ಅಂಗಡಿಗೊಂದು ಎಂದ ಮೇಲೆ, ಮೆಟ್ಟಿಲ ಕೆಳಗಿನವನ ಲೆಕ್ಕ ಯಾರೂ ಹಿಡಿದಿರಲಿಲ್ಲ.

"ಯಾರಾದ್ರೂ ಒಂದು ಕೈ ಕೊಡಿ!" ಎಂದು ಮಾಸ್ಕಿನೊಳಗಿನಿಂದಲೇ ಕೂಗಿದ. "ನನಗೂ ಒಂದು ಕೈ ಕೊಡಿ!"

"ಏನಂತೆ ಅವನದು?" ಎಂದ ಟೈಲರು ಕಿವಿಗೆ ಕೈಯಿಟ್ಟು.

"ಅವನಿಗೂ ಒಂದು ಕೊಡೆ ಬೇಕಂತೆ," ಎಂದಳು ಟೀ ಅಕ್ಕ.

"ಮಾನ ಮರ್ಯಾದೆ ಇದೆಯಾ ಅವನಿಗೆ! ಇಷ್ಟೆಲ್ಲಾ ಆದ ಮೇಲೂ ಅದೇ ಹಾಡು!"

ಅಧಿಕಾರಿಯ ಮನಸ್ಸು ಮಾತ್ರ ಕರಗಿತು. "ಪಾಪ, ಅಂಗಡಿ ಇಲ್ದೆ ಇದ್ರೂ ಪರ್ವಾಗಿಲ್ಲ. ಅಷ್ಟು ಎತ್ತರ ಹತ್ತಿ ಕೇಳ್ತಿದಾರೆ ಅಂದ್ಮೇಲೆ ಅವರಿಗೂ ಒಂದು ಕೊಟ್ಬಿಡಿ," ಎಂದರು. ಟೈಲರು ಗೊಣಗುತ್ತ ಏಣಿ ಹತ್ತಿ, ಮೇಲಿನ ಮೆಟ್ಟಿಲಿಗೆ ಒಂದು ಛತ್ರಿ ನೇತುಹಾಕಿ, ಆರ್ಟಿಸ್ಟು ಚಾಚಿದ ಕೈಯನ್ನು ನೋಡದೆಯೇ ಇಳಿದು ಹೋದ.

ಆರ್ಟಿಸ್ಟು ಛತ್ರಿಯನ್ನು ಎಳೆದುಕೊಂಡು, ಬೇರೇನೂ ತೋಚದೆ, ಬಿಚ್ಚಿ ಹಿಡಿದು ಕೂತ. ಅಧಿಕಾರಿ ಕೆಳಗಿನಿಂದ ಫೋಟೊ ತೆಗೆದುಕೊಂಡು ಲಾರಿ ಹತ್ತಿದರು. ಹೆಂಡತಿ ಟ್ಯಾಂಕಿನ ಬುಡಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿದಳು.

"ರೀ, ಇಳಿಯುವಾಗ ಆ ಛತ್ರೀನ ಜೋಪಾನವಾಗಿ ತಗೊಂಡು ಬನ್ನಿ," ಎಂದು ಕೂಗಿದಳು. "ನಾಳೆ ಫಾರಂಗೆ ಬಿಸಿಲಲ್ಲಿ ನಡ್ಕೊಂಡು ಹೋಗ್ಬೇಕಲ್ಲ!"